ಪ್ಲಾಸ್ಟಿಕ್ ಓದಲು ಹೊರಟ ಮಗಳಿಗೆ

ತೂಬಗೆರೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಎಸ್ಸೆಸ್ಸೆಲ್ಸಿ ಅಂಕಗಳನ್ನು ನಿಮ್ಮಪ್ಪ ಫೋನಿನಲ್ಲಿ ಒಂದೊಂದೇ ವಿಷಯವಾಗಿ ಓದಿ ಹೇಳಿದ. ವಿಜ್ಞಾನದಲ್ಲಿ ಬಂದಿರುವುದನ್ನು ಎರಡು ಸಲ ಹೇಳಿದ. ಆಮೇಲೆ ದನಿ ತಗ್ಗಿಸಿ, "ಅಣ್ಣಾ, ಪಿಯುಸಿ ಸೈನ್ಸ್ ತಗೊಳ್ಳೆ ಅಂದ್ರೆ ಪ್ಲಾಸ್ಟಿಕ್ ಡಿಪ್ಲೊಮಾ ಅಂತ ಕೂತವ್ಳೆ, ನೀನೇ ಒಂದು ಮಾತು ಹೇಳು" ಅಂದ. ನೀನು ಕಳಿಸಿದ ಮೆಸೇಜೂ ಅದೇ ದಿನ ಬಂತು. ಎರಡು ಪ್ರಶ್ನೆ ಕೇಳಿದ್ದೀ. ಡಿಪ್ಲೊಮಾ ಅಂದರೆ ಕಮ್ಮಿಯಾ ಎನ್ನುವುದು ಒಂದು. ಪ್ಲಾಸ್ಟಿಕ್ ಬೇಡ ಅಂತ ಬೋರ್ಡು ಹಿಡಿದು ಜಾಥಾ ಹೋದವಳು ಅದನ್ನೇ ಓದಲು ಹೋದರೆ ತಪ್ಪಲ್ಲವಾ ಎನ್ನುವುದು ಇನ್ನೊಂದು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅಂತ ಕಾಗದ ಹಿಡಿದು ಕೂತಿದ್ದೇನೆ. ಸಾವಕಾಶವಾಗಿ ಓದು. ಅಮ್ಮನಿಗೂ ಓದಿ ಹೇಳು.

ಎರಡನೆಯ ಪ್ರಶ್ನೆಯೇ ದೊಡ್ಡದು, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪುಷ್ಯ ಮಾಸದಲ್ಲಿ ಘಾಟಿಯ ದನಗಳ ಜಾತ್ರೆ ಮುಗಿದ ಮೇಲೆ ಆ ಬಯಲು ಹೇಗಿರುತ್ತದೆ ಅಂತ ನೀನು ನೋಡಿದ್ದೀ. ನಮ್ಮ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿ ಕಡೆಗೆ ಬೆಂಗಳೂರಿನ ಕಸದ ಲಾರಿಗಳು ಸಾಲುಗಟ್ಟಿ ಬಂದದ್ದು, ನೊಣ, ವಾಸನೆ, ಕೊಳೆ ನೀರು ತಡೆಯಲಾರದೆ ಜನ ರಸ್ತೆಗೆ ಇಳಿದು ಲಾರಿ ನಿಲ್ಲಿಸಿದ್ದು ನಿನಗೆ ಗೊತ್ತು. ಆ ಲಾರಿಗಳಲ್ಲಿ ಇದ್ದದ್ದರಲ್ಲಿ ಒಳ್ಳೆಯ ಪಾಲು ಪ್ಲಾಸ್ಟಿಕ್. ಊಟದ ಎಲೆ, ತರಕಾರಿ ಸಿಪ್ಪೆ ಮಾತ್ರವಾಗಿದ್ದರೆ ಒಂದೆರಡು ಮಳೆಗಾಲದಲ್ಲಿ ಮಣ್ಣಾಗುತ್ತಿತ್ತು, ಗೊಬ್ಬರವಾಗುತ್ತಿತ್ತು. ಹಾಲಿನ ಪ್ಯಾಕೆಟ್, ಚಿಪ್ಸ್ ಕವರ್, ಶಾಂಪೂ ಸ್ಯಾಶೆ ಎಲ್ಲ ಅದರೊಳಗೆ ಕಲೆತದ್ದರಿಂದ ಇತ್ತ ಗೊಬ್ಬರವೂ ಆಗಲಿಲ್ಲ, ಅತ್ತ ಪ್ಲಾಸ್ಟಿಕ್ಕೂ ವಾಪಸ್ ಸಿಗಲಿಲ್ಲ. ಹೀಗಿರುವಾಗ ನಿನ್ನ ಕೋಪ ನ್ಯಾಯವಾದದ್ದು. ಆ ಕೋಪ ಬಿಡು ಅಂತ ನಾನು ಹೇಳುವುದಿಲ್ಲ.

ಈಗ ನಮ್ಮ ತೋಟವನ್ನೇ ನೆನೆಸಿಕೋ. ಸಾವಿರ ಅಡಿ ಕೊರೆದರೂ ನೀರು ಸಿಗುತ್ತದೆಂಬ ಭರವಸೆ ಇಲ್ಲದ ಸೀಮೆ ನಮ್ಮದು. ಸಿಕ್ಕ ನೀರನ್ನು ಕಾಲುವೆಯಲ್ಲಿ ಹರಿಸಿದರೆ ಗಿಡ ಮುಟ್ಟುವ ಮೊದಲೇ ಇಂಗಿಹೋಗುತ್ತದೆ. ಅದನ್ನು ಹನಿಹನಿಯಾಗಿ ಬೇರಿಗೆ ತಲುಪಿಸುತ್ತಿರುವುದು ಆ ಕಪ್ಪು ಡ್ರಿಪ್ ಪೈಪು. ದ್ರಾಕ್ಷಿ ಚಪ್ಪರ, ಗುಲಾಬಿಯ ಪಾಲಿಹೌಸ್, ನರ್ಸರಿಯ ಹಸಿರು ಶೇಡ್‌ನೆಟ್, ಡೇರಿಗೆ ಹೋಗುವ ಹಾಲಿನ ಕ್ರೇಟು, ಇವನ್ನೆಲ್ಲ ತೆಗೆದುಬಿಟ್ಟರೆ ದೊಡ್ಡಬಳ್ಳಾಪುರದ ಬೇಸಾಯ ಒಂದು ಹಂಗಾಮು ನಡೆಯುವುದೂ ಕಷ್ಟ. ರೇಷ್ಮೆ ಸಾಕುವವರ ಮನೆಯಲ್ಲಿ ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಂಕಿ ಇದ್ದ ಕಡೆ ಈಗ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದೆ. ಮಡಚಿ ಇಡಬಹುದು, ತೊಳೆದು ರೋಗದ ಸೋಂಕು ತೆಗೆಯಬಹುದು. ಬಿದಿರು ಹೆಣೆಯುವವರ ಕೆಲಸ ಇದರಿಂದ ಹೋಯಿತು, ಅದು ನನಗೆ ನೋವಿನ ಸಂಗತಿಯೇ. ಆದರೆ ಹುಳು ಸಾಕುವ ಹೆಂಗಸರ ಬೆನ್ನು ನೋವು ಕಡಿಮೆಯಾದದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ಹಾಗಾಗಿ ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ಈ ವಸ್ತು ನಮ್ಮೂರಿಗೆ ಎರಡು ಬಾಗಿಲಿನಿಂದ ಬಂದಿದೆ. ಒಂದರಿಂದ ಪೈಪಾಗಿ ಬಂತು, ಇನ್ನೊಂದರಿಂದ ಕಸವಾಗಿ ಬಂತು. ಎರಡು ಕಡೆಯೂ ನಾವು ಬರೀ ತೆಗೆದುಕೊಳ್ಳುವವರಾಗಿದ್ದೇವೆಯೇ ಹೊರತು ತಿಳಿದವರಾಗಿಲ್ಲ. ಪೈಪಿನ ಅಂಗಡಿಯವನು ಹೇಳಿದ್ದನ್ನು ನಂಬುತ್ತೇವೆ, ಕಸದ ಗುತ್ತಿಗೆದಾರ ಹೇಳಿದ್ದನ್ನು ಕೇಳುತ್ತೇವೆ. ಇದರ ಒಳಗುಟ್ಟು ಬಲ್ಲ ಒಂದು ಹೆಣ್ಣು ಮಗು ನಮ್ಮ ಹೋಬಳಿಯಿಂದ ಬರಲಿ ಅನ್ನುವುದು ನನ್ನ ಆಸೆ. ಜಾಥಾದಲ್ಲಿ ಬೋರ್ಡು ಹಿಡಿದ ಕೈಯೇ ಇದನ್ನು ಕಲಿಯಬೇಕು ಪುಟ್ಟಿ, ಕಸದ ನೋವು ಗೊತ್ತಿಲ್ಲದವರು ಕಲಿತರೆ ಇನ್ನಷ್ಟು ಸ್ಯಾಶೆ ಮಾಡುತ್ತಾರೆ ಅಷ್ಟೇ.

ಒಳಗುಟ್ಟು ಅಂದೆನಲ್ಲ, ಸ್ವಲ್ಪ ವಿವರಿಸುತ್ತೇನೆ. ನಿನ್ನ ಮೇಷ್ಟ್ರು ಮುಂದೆ ಸರಿಯಾಗಿ ಹೇಳಿಕೊಡುತ್ತಾರೆ, ಆದರೂ ನನಗೆ ಹೇಳುವ ಆಸೆ.

ಈಗ ಹಲಸಿನ ಕಾಲ. ತೂಬಗೆರೆ ಹಲಸು ಅಂದರೆ ಬೆಂಗಳೂರಿನವರೂ ಹುಡುಕಿಕೊಂಡು ಬರುತ್ತಾರೆ. ಹಣ್ಣು ಬಿಡಿಸುವ ಮೊದಲು ಅಜ್ಜಿ ಕೈಗೂ ಕತ್ತಿಗೂ ಎಣ್ಣೆ ಹಚ್ಚುತ್ತಿದ್ದದ್ದು ಯಾಕೆ? ಆ ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಹಲಸಿನ ಹಾಲಿನಲ್ಲಿ ರಾಳದ ಜೊತೆಗೆ ಸ್ವಲ್ಪ ರಬ್ಬರೂ ಇದೆ. ರಬ್ಬರ್ ಅಂದರೆ ಒಂದೇ ತರದ ಪುಟ್ಟ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಕೈ ಕೈ ಹಿಡಿದು ಆದ ಉದ್ದನೆಯ ಸರಪಳಿ. ಆ ಸರಪಳಿಗೇ ಪಾಲಿಮರ್ ಅನ್ನುವುದು. ನಿಮ್ಮಪ್ಪನ ಮಗ್ಗದ ಮೇಲಿನ ರೇಷ್ಮೆಯೂ ಪಾಲಿಮರ್ರೇ. ಫೈಬ್ರಾಯಿನ್ ಅನ್ನುವ ಪ್ರೋಟೀನಿನ ಸರಪಳಿಯನ್ನು ಹುಳು ತನ್ನ ಬಾಯಿಯಿಂದ ಎಳೆಯಾಗಿ ಬಿಡುತ್ತದೆ, ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದೇ ಎಳೆ ಸುಮಾರು ಸಾವಿರ ಮೀಟರ್ ಬರುತ್ತದೆ. ಅದೇ ಮಗ್ಗಗಳಲ್ಲಿ ಈಗ ಓಡುತ್ತಿರುವ ಪಾಲಿಯೆಸ್ಟರ್ ನೂಲು ನೀರಿನ ಬಾಟಲಿಯ ಜಾತಿಯದ್ದು, ಎರಡೂ ಪೆಟ್. ಸೊಸೈಟಿ ಬೀದಿಯಲ್ಲಿ ನೇಯುವವರೂ ಬಾಟಲಿ ಹೆಕ್ಕುವವರೂ ಒಂದೇ ವಸ್ತುವಿನ ಎರಡು ತುದಿ ಹಿಡಿದಿದ್ದಾರೆ ಅಂತ ತಿಳಿದಾಗ ನನಗಂತೂ ಬಹಳ ಆಶ್ಚರ್ಯವಾಗಿತ್ತು.

ಈ ಸರಪಳಿಯ ಮಾತನ್ನು ಜಗತ್ತು ಸುಲಭವಾಗಿ ಒಪ್ಪಲಿಲ್ಲ. ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಇಷ್ಟು ಉದ್ದದ ಅಣುಗಳು ಇವೆ ಅಂತ ಬರೆದಾಗ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೇ ತಳ್ಳಿಹಾಕಿದರು. ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಅಷ್ಟರೊಳಗೆ 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಪಾಲಿಥೀನ್ ಸಿಕ್ಕಿತ್ತು, 1935ರಲ್ಲಿ ಅಮೆರಿಕದಲ್ಲಿ ವ್ಯಾಲೇಸ್ ಕಾರೊದರ್ಸ್ ರೇಷ್ಮೆಗೆ ಸಾಟಿಯಾಗಿ ನೈಲಾನ್ ಮಾಡಿದ್ದರು. ಈ ವಿದ್ಯೆಗೆ ಈಚೆಗಷ್ಟೇ ನೂರು ವರ್ಷ ತುಂಬಿದೆ ಅನ್ನಬಹುದು. ಎಲ್ಲ ಕಂಡುಹಿಡಿದು ಮುಗಿದುಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡ.

ನಾನು ಪೀಣ್ಯದ ಮೋಲ್ಡಿಂಗ್ ಶಾಪುಗಳಲ್ಲಿ ಮೂರು ದಶಕ ಕೆಲಸ ಮಾಡಿದವನು. ಹೆಲ್ಪರ್ ಆಗಿ ಸೇರಿ ಆಪರೇಟರ್ ಆದೆ, ಆಮೇಲೆ ಡೈ ಫಿಟ್ಟರ್. ಎಲ್ಲ ಕೈಯಿಂದ ಕಲಿತದ್ದು. ದಾಣಾ, ಅಂದರೆ ಪ್ಲಾಸ್ಟಿಕ್ಕಿನ ಕಾಳು, ಹಾಪರಿಗೆ ಸುರಿದರೆ ಬ್ಯಾರೆಲ್ಲಿನೊಳಗೆ ಸ್ಕ್ರೂ ತಿರುಗುತ್ತಾ ಅದನ್ನು ಮುಂದಕ್ಕೆ ತಳ್ಳುತ್ತದೆ, ಸುತ್ತಲಿನ ಹೀಟರುಗಳ ಕಾವಿಗೂ ಸ್ಕ್ರೂವಿನ ಉಜ್ಜಾಟಕ್ಕೂ ಕರಗುತ್ತದೆ, ಕರಗಿದ್ದನ್ನು ಒತ್ತಡದಿಂದ ಡೈ ಅನ್ನುವ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿ, ತಣಿಸಿ, ತೆರೆದು ಪೀಸ್ ತೆಗೆಯುವುದು. ಇದು ಇಂಜೆಕ್ಷನ್ ಮೋಲ್ಡಿಂಗ್. ಪೈಪು, ನೂಲು, ಹಾಳೆ ಮಾಡುವುದು ಎಕ್ಸ್‌ಟ್ರೂಷನ್. ಅದು ನಿಮ್ಮಮ್ಮ ಶಾವಿಗೆ ಒರಳಿನಲ್ಲಿ ಒತ್ತುವ ಹಾಗೆ, ಬಿಲ್ಲೆ ಬದಲಾಯಿಸಿದರೆ ಹೊರಬರುವ ಆಕಾರ ಬದಲಾಗುತ್ತದೆ. ಬಾಟಲಿ, ಕ್ಯಾನುಗಳನ್ನು ಗಾಳಿ ಊದಿ ಮಾಡುತ್ತಾರೆ. ನೀರಿನ ಸಿಂಟೆಕ್ಸ್ ಟ್ಯಾಂಕನ್ನು ಡೈಯನ್ನೇ ಎಲ್ಲ ದಿಕ್ಕಿಗೂ ತಿರುಗಿಸಿ, ಪುಡಿ ಕರಗಿ ಒಳಗೋಡೆಗೆ ಅಂಟುವ ಹಾಗೆ ಮಾಡುತ್ತಾರೆ.

ಪೀಸ್ ಪೂರಾ ತುಂಬದಿದ್ದರೆ ಶಾರ್ಟ್ ಅನ್ನುತ್ತಿದ್ದೆವು, ಅಂಚಿನಲ್ಲಿ ರೆಕ್ಕೆ ಬಂದರೆ ಫ್ಲ್ಯಾಶ್, ದಪ್ಪ ಇರುವ ಕಡೆ ಗುಳಿ ಬಿದ್ದರೆ ಸಿಂಕ್. ಶಾರ್ಟ್ ಬಂದರೆ ಪ್ರೆಶರ್ ಏರಿಸು, ಫ್ಲ್ಯಾಶ್ ಬಂದರೆ ಇಳಿಸು. ಇಷ್ಟು ಗೊತ್ತಿತ್ತು. ಯಾಕೆ ಅಂತ ಕೇಳಿದರೆ ಮೇಸ್ತ್ರಿಗೂ ಉತ್ತರ ಇರಲಿಲ್ಲ.

ಒಂದು ಮಳೆಗಾಲ ನೈಲಾನ್ ಬುಷ್‌ಗಳ ಆರ್ಡರ್ ಓಡುತ್ತಿತ್ತು. ಬೇಸಿಗೆಯಲ್ಲಿ ಚೆನ್ನಾಗಿ ಬಂದ ಮಾಲು ಜೂನ್ ಜುಲೈಯಲ್ಲಿ ಮೈಮೇಲೆ ಬೆಳ್ಳಿ ಗೆರೆ ಬಂದು, ಸುತ್ತಿಗೆಯ ಸಣ್ಣ ಏಟಿಗೇ ಒಡೆಯತೊಡಗಿತು. ಡೈ ಪಾಲಿಶ್ ಮಾಡಿಸಿದರು, ಟೆಂಪರೇಚರ್ ಏರಿಸಿದರು ಇಳಿಸಿದರು, ಆಪರೇಟರನ್ನೂ ಬದಲಾಯಿಸಿದರು. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಆಗಷ್ಟೇ ಸೇರಿದ್ದ ಹುಡುಗನೊಬ್ಬ ಚೀಲಕ್ಕೆ ಕೈ ಹಾಕಿ ನೋಡಿ, "ಸಾರ್, ನೈಲಾನ್ ಗಾಳಿಯ ತೇವ ಕುಡಿಯುತ್ತೆ. ತೇವ ಇದ್ದ ಹಾಗೇ ಬಿಸಿ ಮಾಡಿದ್ರೆ ನೀರು ಸರಪಳಿನ ತುಂಡು ಮಾಡುತ್ತೆ. ಎಂಬತ್ತು ಡಿಗ್ರೀಲಿ ನಾಲ್ಕು ಗಂಟೆ ಒಣಗಿಸಿ ಹಾಕಿ" ಅಂದ. ಒಣಗಿಸಿ ಹಾಕಿದೆವು. ಬುಷ್ ಒಡೆಯುವುದು ನಿಂತಿತು. ಅವನು ನಮಗಿಂತ ಹದಿನೈದು ವರ್ಷ ಚಿಕ್ಕವನು, ಸ್ಪ್ಯಾನರ್ ಹಿಡಿಯುವುದರಲ್ಲಿ ನಮ್ಮಷ್ಟು ಚುರುಕಿರಲಿಲ್ಲ. ಆದರೆ ಅವನಿಗೆ ಯಾಕೆ ಅನ್ನುವುದು ಗೊತ್ತಿತ್ತು. ಅವತ್ತಿನಿಂದ ನನಗೆ ಆ ಓದಿನ ಮೇಲೆ ಇರುವ ಗೌರವ ಇವತ್ತಿಗೂ ಹಾಗೇ ಇದೆ.

ಇದೇ ನಿನ್ನ ಮೊದಲನೆಯ ಪ್ರಶ್ನೆಗೂ ಉತ್ತರ ಆಗುತ್ತದೆ. ಡಿಪ್ಲೊಮಾ ಕಮ್ಮಿ ಅನ್ನುವವರು ಅದನ್ನು ಇಂಜಿನಿಯರಿಂಗ್ ಸಿಗದವರ ಪಾಲು ಅಂದುಕೊಂಡಿದ್ದಾರೆ. ಮೆಷಿನ್ನಿನ ಮುಂದೆ ನಿಲ್ಲುವ ಕೈಗೂ ಪುಸ್ತಕದ ರಸಾಯನಕ್ಕೂ ನಡುವೆ ನಿಂತು ಎರಡನ್ನೂ ಕೂಡಿಸುವವರು ಬೇಕು. ಆ ಜಾಗ ಡಿಪ್ಲೊಮಾದವರದು. ಅಮೆರಿಕದ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿರುವ ಪೆನ್ಸಿಲ್ವೇನಿಯಾ ಕಾಲೇಜ್ ಆಫ್ ಟೆಕ್ನಾಲಜಿಯಲ್ಲಿ ಪ್ಲಾಸ್ಟಿಕ್ಸ್ ಮತ್ತು ಪಾಲಿಮರ್ ಇಂಜಿನಿಯರಿಂಗ್ ತಂತ್ರಜ್ಞಾನಕ್ಕೇ ಅಸೋಸಿಯೇಟ್ ಡಿಗ್ರಿ ಅಂತ ಎರಡು ವರ್ಷದ ಓದು ಇದೆ. ಅಷ್ಟು ಮುಗಿಸಿ ಕೆಲಸಕ್ಕೂ ಸೇರಬಹುದು, ಮುಂದುವರಿದು ಪೂರ್ತಿ ಡಿಗ್ರಿಯನ್ನೂ ಮಾಡಬಹುದು. ಜರ್ಮನಿಯಲ್ಲಿ ಹದಿನಾರು ಹದಿನೇಳರ ಮಕ್ಕಳು ಕಾರ್ಖಾನೆಯಲ್ಲೂ ಶಾಲೆಯಲ್ಲೂ ಒಟ್ಟಿಗೆ ಕಲಿಯುತ್ತಾ ಇದೇ ಕಸುಬಿನಲ್ಲಿ ಮೂರು ವರ್ಷದ ತರಬೇತಿ ಪಡೆಯುತ್ತಾರೆ. ಅಲ್ಲಿ ಯಾರೂ ಅದನ್ನು ಕೀಳು ಅನ್ನುವುದಿಲ್ಲ.

ನಮ್ಮಲ್ಲಿ ಇದಕ್ಕೆ ಸಾಟಿಯಾದದ್ದು ಸಿಪೆಟ್ ಅನ್ನುವ ಸಂಸ್ಥೆ. 1968ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಮದರಾಸಿನ ಗಿಂಡಿಯಲ್ಲಿ ಶುರುವಾಯಿತು, ಕೇಂದ್ರ ಸರ್ಕಾರದ ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯಕ್ಕೆ ಸೇರಿದ್ದು. ಮೊದಲು ಹೆಸರಿನಲ್ಲಿ ಪ್ಲಾಸ್ಟಿಕ್ಸ್ ಅಂತ ಇತ್ತು, ಈಗ ಪೆಟ್ರೋಕೆಮಿಕಲ್ಸ್ ಅಂತ ಬದಲಾಗಿದೆ. ನಮ್ಮ ರಾಜ್ಯದ ಕೇಂದ್ರ ಮೈಸೂರಿನ ಹೆಬ್ಬಾಳ್ ಕೈಗಾರಿಕಾ ಪ್ರದೇಶದಲ್ಲಿದೆ. ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಮೂರು ವರ್ಷದ ಎರಡು ಡಿಪ್ಲೊಮಾ ಇವೆ. ಒಂದು ಪ್ಲಾಸ್ಟಿಕ್ಸ್ ಟೆಕ್ನಾಲಜಿ, ಡಿಪಿಟಿ ಅನ್ನುತ್ತಾರೆ. ಇನ್ನೊಂದು ಪ್ಲಾಸ್ಟಿಕ್ಸ್ ಮೋಲ್ಡ್ ಟೆಕ್ನಾಲಜಿ, ಡಿಪಿಎಂಟಿ. ಮೊದಲನೆಯದರಲ್ಲಿ ವಸ್ತು ಮುಖ್ಯ. ಯಾವ ಪಾಲಿಮರ್ ಯಾವುದಕ್ಕೆ, ಹೇಗೆ ಕರಗಿಸಬೇಕು, ಹೇಗೆ ಪರೀಕ್ಷಿಸಬೇಕು, ಹೇಗೆ ಮರುಬಳಕೆ ಮಾಡಬೇಕು. ಎರಡನೆಯದರಲ್ಲಿ ಡೈ ಮುಖ್ಯ. ಲೇತು, ಮಿಲ್ಲಿಂಗು, ವೈರ್‌ಕಟ್ಟು, ಸಿಎನ್‌ಸಿ, ಕಂಪ್ಯೂಟರಿನಲ್ಲಿ ಡಿಸೈನು.

ಡೈ ಕೆಲಸವೇ ನನ್ನ ಅನ್ನ, ಅದರ ಸೊಗಸು ಹೇಳದೆ ಹೇಗಿರಲಿ. ಬಚ್ಚಲಿನ ಮಗ್ಗನ್ನು ಬೋರಲು ಹಾಕಿ ನೋಡು. ತಳದ ನಡುವೆ ಒಂದು ಪುಟ್ಟ ಚುಕ್ಕೆ ಕಾಣುತ್ತದೆ. ಅದು ಗೇಟು, ಕರಗಿದ ಮಾಲು ಒಳಗೆ ಬಂದ ದಾರಿ. ಮಗ್ಗು, ಬಕೆಟ್ಟು, ಕ್ರೇಟು ಎಲ್ಲದರ ಬಾಯಿ ಅಗಲ, ತಳ ಕಿರಿದು. ನೇರ ಗೋಡೆ ಮಾಡಿದರೆ ಡೈಯನ್ನು ಕಚ್ಚಿಕೊಂಡು ಪೀಸ್ ಬಿಡುವುದೇ ಇಲ್ಲ, ಅದಕ್ಕೇ ಆ ಓರೆ. ಪಾಲಿಪ್ರೊಪಿಲೀನ್ ತಣಿದಾಗ ನೂರಕ್ಕೆ ಒಂದೂವರೆ ಎರಡರಷ್ಟು ಕುಗ್ಗುತ್ತದೆ, ಎಬಿಎಸ್ ಅನ್ನುವ ಪ್ಲಾಸ್ಟಿಕ್ ನೂರಕ್ಕೆ ಅರ್ಧದಷ್ಟೇ. ಹಾಗಾಗಿ ಡೈಯನ್ನು ಮೊದಲೇ ಅಷ್ಟು ದೊಡ್ಡದಾಗಿ ಕೊರೆಯಬೇಕು. ಇಂದು ಕೊರೆಯುವ ಉಕ್ಕಿನಲ್ಲಿ ನಾಳೆ ಕುಗ್ಗುವ ಪ್ಲಾಸ್ಟಿಕ್ಕಿನ ಲೆಕ್ಕ ಇರಬೇಕು. ಇದರಲ್ಲಿ ಮನಸ್ಸಿಟ್ಟವರಿಗೆ ಬೇಸರ ಅನ್ನುವುದೇ ಇರುವುದಿಲ್ಲ.

ಆದರೂ ನಿನ್ನನ್ನು ಡಿಪಿಟಿಗೆ ಹೋಗು ಅನ್ನುತ್ತೇನೆ. ನಿನ್ನ ಒಲವು ರಸಾಯನಶಾಸ್ತ್ರದ ಕಡೆಗೆ ಇದೆ. ಕಸದ ಪ್ರಶ್ನೆಯ ಕೀಲಿಯೂ ವಸ್ತುವಿನ ತಿಳಿವಿನಲ್ಲೇ ಇದೆ.

ಅಲ್ಲಿ ಪರೀಕ್ಷಾಲಯದಲ್ಲಿ ಮೆಲ್ಟ್ ಫ್ಲೋ ಅಂತ ಒಂದು ಪುಟ್ಟ ಯಂತ್ರ ಇರುತ್ತದೆ. ಪಾಲಿಥೀನಾದರೆ 190 ಡಿಗ್ರಿಯಲ್ಲಿ ಕರಗಿಸಿ, 2.16 ಕಿಲೋ ತೂಕ ಮೇಲಿಟ್ಟು, ಸಣ್ಣ ತೂತಿನಿಂದ ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಹರಿಯಿತು ಅಂತ ತೂಗುವುದು. ಸರಪಳಿ ಉದ್ದವಿದ್ದರೆ ಒಂದಕ್ಕೊಂದು ಸಿಕ್ಕಿಕೊಂಡು ನಿಧಾನ ಹರಿಯುತ್ತದೆ, ತುಂಡಾಗಿದ್ದರೆ ಬೇಗ. ಅಂಗಡಿಯವನು ಹೊಸ ಮಾಲು ಅಂತ ಕೊಟ್ಟದ್ದರಲ್ಲಿ ಹಳೆಯದು ಬೆರೆತಿದೆಯೋ ಅನ್ನುವ ಅನುಮಾನ ಇಂಥ ಪರೀಕ್ಷೆಗಳಿಂದ ಬಗೆಹರಿಯುತ್ತದೆ. ಡ್ರಿಪ್ ಪೈಪು ಎರಡೇ ವರ್ಷಕ್ಕೆ ಸೀಳಿತು ಅಂತ ರೈತ ಗೋಳಾಡುತ್ತಾನಲ್ಲ, ಅದರಲ್ಲಿ ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಕಾರ್ಬನ್ ಬ್ಲ್ಯಾಕ್ ಸುಮಾರು ಎರಡೂವರೆ ಶೇಕಡಾ ಇರಬೇಕು, ಸಮನಾಗಿ ಹರಡಿರಬೇಕು. ಕಪ್ಪಗಿದ್ದ ಮಾತ್ರಕ್ಕೆ ಒಳ್ಳೆಯ ಪೈಪಲ್ಲ. ಇದನ್ನು ಪರೀಕ್ಷಿಸಿ ಹೇಳಬಲ್ಲವರು ನಮ್ಮೂರಲ್ಲಿ ಒಬ್ಬರಿದ್ದರೆ ಎಷ್ಟು ಜನರ ದುಡ್ಡು ಉಳಿದೀತು, ಯೋಚಿಸು.

ಕಸದ ವಿಷಯಕ್ಕೆ ಬಾ. ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ ಅನ್ನುವುದೇ ಅದರ ಮೊದಲ ಪಾಠ. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿನ ಮೇಲೆ ತೇಲುತ್ತವೆ. ಪೆಟ್, ಪಿವಿಸಿ ಮುಳುಗುತ್ತವೆ. ಚೂರು ಮಾಡಿ ತೊಟ್ಟಿಗೆ ಹಾಕಿದರೆ ಅರ್ಧ ವಿಂಗಡಣೆ ನೀರೇ ಮಾಡಿಕೊಡುತ್ತದೆ. ಮುಳುಗಿದವುಗಳಲ್ಲಿ ಪೆಟ್ಟನ್ನೂ ಪಿವಿಸಿಯನ್ನೂ ಬೇರೆ ಮಾಡುವುದು ಕಷ್ಟ, ಆದರೆ ಮಾಡಲೇಬೇಕು. ಪೆಟ್ ಕರಗುವ ಕಾವಿನಲ್ಲಿ ಪಿವಿಸಿ ಸುಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಮಾಲೂ ಹಾಳು, ಸ್ಕ್ರೂವೂ ಸವೆದು ಹಾಳು. ಅದಕ್ಕೇ ಹಿತ್ತಿಲಲ್ಲಿ ಪ್ಲಾಸ್ಟಿಕ್ ಸುಡಬೇಡಿ ಅಂತ ನಾನು ಎಲ್ಲರ ಮನೆ ಮುಂದೆ ನಿಂತು ಹೇಳುವುದು. ಹಾಲಿನ ಪ್ಯಾಕೆಟ್ಟು ತೊಳೆದು ಒಣಗಿಸಿದರೆ ಒಳ್ಳೆಯ ಪಾಲಿಥೀನ್, ವಾಪಸ್ ದಾಣಾ ಆಗುತ್ತದೆ. ಮೂಲೆ ಕತ್ತರಿಸುವಾಗ ಪೂರ್ತಿ ತುಂಡು ಮಾಡಬೇಡ, ಆ ಚಿಕ್ಕ ತ್ರಿಕೋನ ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ. ಚಿಪ್ಸ್ ಕವರ್ ಮಾತ್ರ ಕಠಿಣ. ಪದರದ ಮೇಲೆ ಪದರ, ನಡುವೆ ಅಲ್ಯೂಮಿನಿಯಂ ಲೇಪ, ಬಿಡಿಸುವುದರಿಂದ ಯಾರಿಗೂ ಲಾಭವಿಲ್ಲ. ಅಂಥ ಕವರನ್ನು ಮೊದಲೇ ಒಂದೇ ಜಾತಿಯ ಪಾಲಿಮರಿನಿಂದ ಮಾಡುವ ಹಾಗೆ ರೂಪಿಸುವುದು ನಿನ್ನ ಪೀಳಿಗೆಯ ಕೆಲಸ.

ನಮ್ಮ ರಾಜ್ಯ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಕೆಲವು ಒಂದೇ ಸಲ ಬಳಸಿ ಎಸೆಯುವ ವಸ್ತುಗಳಿಗೂ ನಿಷೇಧ ಬಂತು. ಕಾನೂನು ಒಳ್ಳೆಯದೇ. ಆದರೆ ಸಂತೆಯಲ್ಲಿ ಇವತ್ತೂ ತೆಳು ಕವರಿನಲ್ಲೇ ಟೊಮೆಟೊ ಕೊಡುತ್ತಾರೆ. ಗೊಬ್ಬರವಾಗುವ ಚೀಲ ಅಂತ ಹಸಿರು ಅಕ್ಷರ ಅಚ್ಚು ಹಾಕಿ ಮಾರುವವರೂ ಇದ್ದಾರೆ. ನಿಜವಾಗಿ ಗೊಬ್ಬರವಾಗುವುದಕ್ಕೆ ಐಎಸ್ 17088 ಅಂತ ಮಾನದಂಡ ಇದೆ, ಅದನ್ನು ದಾಟಿದ ಮಾಲಿಗೂ ಹದವಾದ ಶಾಖ ಇರುವ ದೊಡ್ಡ ಗೊಬ್ಬರದ ಘಟಕ ಬೇಕು, ಬೇಲಿ ಪಕ್ಕ ಎಸೆದರೆ ಬೇಲಿ ಪಕ್ಕವೇ ಇರುತ್ತದೆ. ಇದನ್ನೆಲ್ಲ ಪಂಚಾಯಿತಿಯಲ್ಲಿ ಎದ್ದು ನಿಂತು ಹೇಳಲು ತಿಳಿದವರು ಬೇಕು. ಬೆಂಗಳೂರಿನ ಕೆ. ಅಹಮದ್ ಖಾನ್ ಚೀಲ ಮಾಡುತ್ತಿದ್ದ ವ್ಯಾಪಾರಿ. ಬಳಸಿ ಬಿಸಾಕಿದ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಹಾಕುವ ಕೆಲಸಕ್ಕೆ ಇಳಿದರು. ಮದುರೈಯ ಪ್ರೊಫೆಸರ್ ಆರ್. ವಾಸುದೇವನ್ ಅದೇ ದಾರಿಯಲ್ಲಿ ಮಾಡಿದ ಸಂಶೋಧನೆಗೆ 2018ರಲ್ಲಿ ಪದ್ಮಶ್ರೀ ಬಂತು. ರಸ್ತೆಯೊಂದೇ ಪರಿಹಾರ ಅಂತ ನಾನು ಒಪ್ಪುವುದಿಲ್ಲ, ಒಮ್ಮೆ ಡಾಂಬರಿಗೆ ಸೇರಿದ್ದು ಮತ್ತೆ ಬಕೆಟ್ ಆಗುವುದಿಲ್ಲ. ಆದರೆ ಕಸ ಅಂತ ಎಲ್ಲರೂ ಮುಖ ತಿರುಗಿಸಿದ್ದರ ಮುಂದೆ ಅವರು ಕೂತು ಯೋಚಿಸಿದರು.

ನಿಮ್ಮಮ್ಮನ ಭಯಗಳಿಗೂ ಉತ್ತರ ಬರೆಯಬೇಕು. ಮೈಸೂರು ದೂರ ನಿಜ. ಅಲ್ಲಿ ಹಾಸ್ಟೆಲ್ ಇದೆ, ನಾವು ಹೋಗಿ ನೋಡಿ ಬರೋಣ. ಹತ್ತಿರದಲ್ಲೇ ಬೇಕು ಅಂದರೆ ಬೆಂಗಳೂರಿನ ರಾಜಾಜಿನಗರದಲ್ಲಿ ಜಿಟಿಟಿಸಿ ತರಬೇತಿ ಕೇಂದ್ರ ಇದೆ, 1972ರಲ್ಲಿ ಡೆನ್ಮಾರ್ಕಿನ ಸಹಾಯದಿಂದ ಆದದ್ದು. ಟೂಲ್ ಅಂಡ್ ಡೈ ಮೇಕಿಂಗ್‌ನಲ್ಲಿ ಅದರ ಹೆಸರು ದೊಡ್ಡದು. ಅಲ್ಲಿ ಕಲಿತ ಹುಡುಗರ ಕೈಗೆಲಸ ನೋಡಿ ನಾನು ಸಂತೋಷಪಟ್ಟಿದ್ದೇನೆ. ಆದರೆ ಅದು ಲೋಹದ ಓದು, ಪಾಲಿಮರಿನ ರಸಾಯನ ಅಲ್ಲಿ ಸ್ವಲ್ಪವೇ. ದೇವನಹಳ್ಳಿ ಕಡೆ ಜಾಲ ಹೋಬಳಿಯ ಏರೋಸ್ಪೇಸ್ ಪಾರ್ಕಿನಲ್ಲಿ ಸಿಪೆಟ್ಟಿನದೇ ಸಂಶೋಧನಾಲಯ ಇದೆ. ನಮಗೆ ಹತ್ತಿರ. ಹತ್ತನೇ ತರಗತಿ ಮುಗಿಸಿದವರಿಗೆ ಸದ್ಯಕ್ಕೆ ಮೈಸೂರೇ ದಾರಿ, ಮುಂದೊಂದು ದಿನ ನೀನು ಆ ಸಂಶೋಧನಾಲಯಕ್ಕೆ ಕೆಲಸಕ್ಕೆ ಹೋಗುವಂತಾಗಲಿ.

ಹುಡುಗಿಯರು ಶಾಪ್‌ಫ್ಲೋರಿನಲ್ಲಿ ನಿಲ್ಲಲಾರರು ಅನ್ನುವ ಮಾತನ್ನು ಮನೆಯಲ್ಲಿ ಯಾರಾದರೂ ಆಡಿದರೆ ನನ್ನ ಹೆಸರು ಹೇಳು. ನಾನಿದ್ದ ಕಡೆ ಕ್ವಾಲಿಟಿ ವಿಭಾಗ ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಆದರೂ ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಮೆಷಿನ್ನಿನ ಹತ್ತಿರ ಸೆಕೆ ಜಾಸ್ತಿ, ಗ್ರೈಂಡರಿನ ಸದ್ದು ಕಿವಿ ಗಡಚಿಕ್ಕುತ್ತದೆ, ಶಿಫ್ಟು ಇರುತ್ತದೆ. ಕೆಲವು ಕಡೆ ಡಿಪ್ಲೊಮಾದವರನ್ನು ಕಾಂಟ್ರಾಕ್ಟಿನಲ್ಲೇ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಸೇರುವ ದಿನವೇ ಪಿಎಫ್, ಇಎಸ್‌ಐ, ರಾತ್ರಿ ಪಾಳಿಯ ವಾಹನ, ಇವನ್ನು ಸಂಕೋಚವಿಲ್ಲದೆ ಕೇಳಬೇಕು. ಗಾರ್ಡ್ ಇಲ್ಲದ ಮೆಷಿನ್ನಿಗೆ ಯಾರು ಹೇಳಿದರೂ ಕೈ ಹಾಕಬೇಡ. ಉತ್ಪಾದನೆ ನಿಂತರೆ ನಿಲ್ಲಲಿ, ಬೆರಳು ಹೋದರೆ ಬರುವುದಿಲ್ಲ.

ಓದು ಅಲ್ಲಿಗೇ ಮುಗಿಯಬೇಕಾಗಿಯೂ ಇಲ್ಲ. ಡಿಪ್ಲೊಮಾ ಆದವರು ಡಿಸಿಇಟಿ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರುವ ದಾರಿ ಇದೆ. ಮೈಸೂರಿನ ಎಸ್‌ಜೆಸಿಇ ಕಾಲೇಜಿನಲ್ಲಿ ಪಾಲಿಮರ್ ಸೈನ್ಸ್ ಅಂಡ್ ಟೆಕ್ನಾಲಜಿಗೇ ವಿಭಾಗ ಇದೆ. ಸಿಪೆಟ್ಟಿನಲ್ಲೇ ಮೋಲ್ಡ್ ಡಿಸೈನಿನ ಪೋಸ್ಟ್ ಡಿಪ್ಲೊಮಾ ಮಾಡಬಹುದು. ನಿನ್ನ ಡಿಪ್ಲೊಮಾಕ್ಕೆ ಯಾವ ಯಾವ ಬಾಗಿಲು ತೆರೆಯುತ್ತದೆ ಅನ್ನುವುದನ್ನು ಸೇರುವ ಮೊದಲೇ ಆಫೀಸಿನಲ್ಲಿ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳೋಣ. ನಮ್ಮ ಆಕಾಶದ ಮೇಲೆ ಏರ್ ಷೋ ದಿನ ಹಾರುವ ತೇಜಸ್ ವಿಮಾನದ ಮೈ ನೋಡಿದ್ದೀಯಲ್ಲ, ಅದರ ಚೌಕಟ್ಟಿನ ತೂಕದಲ್ಲಿ ಸುಮಾರು 45 ಶೇಕಡಾ ಕಾರ್ಬನ್ ನಾರನ್ನು ರಾಳದಲ್ಲಿ ಕೂರಿಸಿದ ಕಾಂಪೋಸಿಟ್. ಬಾಲದ ಭಾಗಗಳನ್ನು ಮಾಡಿದ್ದು ಬೆಂಗಳೂರಿನ ಎನ್‌ಎಎಲ್‌ನಲ್ಲಿ. ಬಕೆಟ್ಟಿನಿಂದ ವಿಮಾನದವರೆಗೆ ಈ ಓದಿನ ಹರವು ಇದೆ ಅಂತ ನಿಮ್ಮಪ್ಪನಿಗೆ ತೋರಿಸಿಕೊಡು.

ಅವನ ಚಿಂತೆ ನನಗೆ ಅರ್ಥವಾಗುತ್ತದೆ. ಮಗ್ಗ ನಂಬಿ ಕೂತ ತಾನು ಪಟ್ಟದ್ದು ಮಗಳಿಗೆ ಬರಬಾರದು ಅನ್ನುವುದು ಅವನ ಮನಸ್ಸು, ಇಂಜಿನಿಯರ್ ಅಂದರೆ ಅವನಿಗೆ ಭದ್ರತೆ. ಅವನ ಮೇಲೆ ಮುನಿಸಿಕೊಳ್ಳಬೇಡ. ಊಟ ಬಿಟ್ಟು ಹಟ ಮಾಡಬೇಡ. ಮೊದಲ ಎರಡು ಸೆಮಿಸ್ಟರ್ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಗಟ್ಟಿಯಾಗಿ ಓದುತ್ತೇನೆ ಅಂತ ಮಾತು ಕೊಡು, ಕೊಟ್ಟದ್ದನ್ನು ನಡೆಸು. ಇಂಗ್ಲಿಷಿನಲ್ಲಿ ಪಾಠ ಅಂತ ಹೆದರಬೇಡ. ಮೊದಲ ತಿಂಗಳು ಕನ್ನಡದಲ್ಲೇ ನೋಟ್ಸ್ ಬರೆದುಕೋ, ಅರ್ಥ ಆದದ್ದು ಯಾವ ಭಾಷೆಯಲ್ಲಿದ್ದರೂ ನಿನ್ನದೇ.

ಪ್ರವೇಶಕ್ಕೆ ಸಿಪೆಟ್ಟಿನದೇ ಪರೀಕ್ಷೆ ಇರುತ್ತದೆ. ಅರ್ಜಿಯ ಕಡೇ ದಿನ ಯಾವಾಗ ಅಂತ ಅವರ ಜಾಲತಾಣದಲ್ಲಿ ನೋಡಿ ನನಗೆ ಫೋನ್ ಮಾಡು. ಈ ಭಾನುವಾರ ನಾನೇ ದೊಡ್ಡಬಳ್ಳಾಪುರಕ್ಕೆ ಬಂದು ನಿಮ್ಮಪ್ಪನ ಹತ್ತಿರ ಕೂತು ಮಾತಾಡುತ್ತೇನೆ. ಅವನು ಒಪ್ಪಿದರೆ ಮುಂದಿನ ವಾರ ನೀನು, ಅಮ್ಮ, ನಾನು ಮೂವರೂ ಮೆಜೆಸ್ಟಿಕ್ಕಿನಿಂದ ಬೆಳಗಿನ ರೈಲಿಗೆ ಮೈಸೂರಿಗೆ ಹೋಗಿ ಬರೋಣ. ವರ್ಕ್‌ಶಾಪ್ ತೋರಿಸಿ ಅಂತ ಕೇಳಿಕೊಳ್ಳೋಣ, ಹಾಸ್ಟೆಲ್ಲಿನ ಅಡುಗೆಮನೆಯನ್ನೂ ಅಮ್ಮ ನೋಡಲಿ, ಅಲ್ಲಿ ಓದುತ್ತಿರುವ ಹುಡುಗಿಯರ ಹತ್ತಿರ ನೀನು ಒಬ್ಬಳೇ ಮಾತಾಡು. ಅಂಕಪಟ್ಟಿಯದು ನಾಲ್ಕು ಜೆರಾಕ್ಸ್, ಜಾತಿ ಮತ್ತು ಆದಾಯದ ಸರ್ಟಿಫಿಕೇಟು, ಆಧಾರ್, ಫೋಟೋ ಎಲ್ಲ ಒಂದು ಫೈಲಿನಲ್ಲಿ ಹಾಕಿಡು. ಆದಾಯದ ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೆ ನಾಳೆಯೇ ನಾಡಕಚೇರಿಯಲ್ಲಿ ಅರ್ಜಿ ಕೊಡಿಸು, ಅದು ಕೈಗೆ ಬರಲು ದಿನ ಹಿಡಿಯುತ್ತದೆ.

ಭಾನುವಾರ ಬರುವಾಗ ಕೆಂಪು ತೊಳೆಯ ಹಲಸಿನ ಹಣ್ಣು ತರುತ್ತೇನೆ, ಅಮ್ಮನಿಗೆ ಹೇಳು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ